ಬ್ಯಾಗಲ್ಲೇನಿದೆ ಸಾರ್?

ಕಳೆದ ಸಂಚಿಕೆಯಲ್ಲಿ ಒಂದು ಸಣ್ಣ ಟಿಪ್ಪಣಿ ಬರೆದಿದ್ದೆ. ಮೈಸೂರು, ಮಂಡ್ಯ ಕಡೆಯ ಹೋರಾಟಗಾರರು, ಪತ್ರಿಕೆಯವರು, ಮೈಕ್ ಕಂಡರೆ ಮುಖ ಅರಳುವವರು, ಇಂಥವರ ಎದುರು ಇಪ್ಪತ್ತೆರಡು ವರ್ಷ ಕೂತು ಮಾತು ಕೇಳಿದವಳು ನಾನು. ಆ ಅನುಭವದ ಬಗ್ಗೆ ಪ್ರಶ್ನೆ ಇದ್ದರೆ ಕಳಿಸಿ ಅಂದಿದ್ದೆ. ಬಂದ ಪತ್ರಗಳಲ್ಲಿ ಅರ್ಧ ಪ್ರಶ್ನೆ, ಕಾಲು ಭಾಗ ಬೈಗುಳ, ಉಳಿದದ್ದು 'ನನ್ನನ್ನೂ ಸಂದರ್ಶನ ಮಾಡಿ' ಅನ್ನುವ ಅರ್ಜಿ. ಬೈಗುಳಕ್ಕೆ ಉತ್ತರ ಬೇಕಿಲ್ಲ. ಅರ್ಜಿಗಳು ಡ್ರಾಯರಿನಲ್ಲಿವೆ, ಒಂದನ್ನು ಬಿಟ್ಟು. ಅದನ್ನು ಕೊನೆಗೆ ಇಟ್ಟಿದ್ದೇನೆ.

ಪ್ರಶ್ನೆ: ನಮ್ಮ ಬಡಾವಣೆಯ ಸಂಘದ ಪತ್ರಿಕೆಗೆ ಬರೆಯುತ್ತೇನೆ. ಹೋರಾಟಗಾರರನ್ನು ಮಾತಾಡಿಸಲು ಹೋದರೆ ಭಾಷಣ ಶುರು ಮಾಡುತ್ತಾರೆ. ಒಂದು ಗಂಟೆ ರೆಕಾರ್ಡ್ ಮಾಡಿದರೂ ಬರೆಯಲು ಎರಡು ಸಾಲು ಸಿಗುವುದಿಲ್ಲ. ಏನು ಮಾಡಲಿ?
(ಕುವೆಂಪುನಗರದ ಓದುಗರು, ಮೈಸೂರು)

ಉತ್ತರ: ಮಾಡಲಿ ಬಿಡಿ, ತಡೆಯಬೇಡಿ. ಮನೆಗೆ ಹೊರಗಿನವರು ಬಂದರು ಅಂತ ನಾವು ಬೇರೆ ಅಂಗಿ ಹಾಕಿಕೊಳ್ಳುವುದಿಲ್ಲವೇ, ಅವರ ಭಾಷಣವೂ ಅಷ್ಟೇ. ನಾನು ಇಪ್ಪತ್ತು ನಿಮಿಷ ಕಾಯುತ್ತೇನೆ. ಅಷ್ಟರಲ್ಲಿ ಕಾಫಿ ಬರುತ್ತದೆ. ಬಿಸಿ ಲೋಟ ಕೈಗೆ ಬಂದ ಮೇಲೆ ಯಾರಿಗೂ ಮುಷ್ಟಿ ಎತ್ತಿ ಮಾತಾಡಲು ಆಗುವುದಿಲ್ಲ. ಆಗ ಸಣ್ಣ ಪ್ರಶ್ನೆ ಕೇಳಬೇಕು. ತತ್ವದ್ದಲ್ಲ, ಕಣ್ಣೆದುರು ಇರುವ ವಸ್ತುವಿನದು.

ಇದನ್ನು ನನಗೆ ಕಲಿಸಿದವರು ಮಂಡ್ಯದ ಒಬ್ಬ ಹಿರಿಯರು. ನಿವೃತ್ತ ನೌಕರರು. ಮಾಹಿತಿ ಹಕ್ಕಿನ ಅರ್ಜಿ ಹಾಕುವುದೇ ಅವರ ಉದ್ಯೋಗ, ಹವ್ಯಾಸ, ವ್ಯಾಯಾಮ ಎಲ್ಲ. ನನ್ನನ್ನು ಕೂರಿಸಿಕೊಂಡು 'ಪ್ರಜಾಪ್ರಭುತ್ವ ಇವತ್ತು' ಅಂತ ಶುರು ಮಾಡಿದರು. ಗಡಿಯಾರ ನೋಡಿದೆ. ಗೋಡೆ ನೋಡಿದೆ. ಕಡೆಗೆ ಅವರ ಕಾಲ ಬಳಿ ಇದ್ದ ರೆಕ್ಸಿನ್ ಬ್ಯಾಗ್ ನೋಡಿದೆ. ಜಿಪ್ ಕೆಟ್ಟಿತ್ತು. ಸೆಣಬಿನ ದಾರ ಕಟ್ಟಿ, ಬಿಚ್ಚಲು ಸುಲಭವಾಗಲಿ ಅಂತ ಹೂವಿನ ಗಂಟು ಹಾಕಿತ್ತು.

'ಬ್ಯಾಗಲ್ಲೇನಿದೆ ಸಾರ್?' ಅಂದೆ.

ಭಾಷಣ ಅಲ್ಲಿಗೆ ನಿಂತಿತು. ಒಂದೊಂದಾಗಿ ತೆಗೆದು ಚಾಪೆಯ ಮೇಲಿಟ್ಟರು. ಹತ್ತು ರೂಪಾಯಿಯ ಪೋಸ್ಟಲ್ ಆರ್ಡರುಗಳ ಒಂದು ಕಟ್ಟು. ಗೋಂದಿನ ಬಾಟಲಿ. ರಿಜಿಸ್ಟರ್ ಪೋಸ್ಟಿನ ರಸೀತಿಗಳು, ರಬ್ಬರ್ ಬ್ಯಾಂಡ್ ಹಾಕಿ. ಕಾಗದದ ಪೊಟ್ಟಣದಲ್ಲಿ ಹುರಿದ ಕಡಲೆಬೀಜ. ಛತ್ರಿ. ಕೊನೆಗೆ ಇನ್ನೂರು ಪುಟದ ನೋಟ್ ಬುಕ್ಕು. ಅದರಲ್ಲಿ ತಮ್ಮ ರಸ್ತೆಯ ಕಂಬಗಳನ್ನೆಲ್ಲ ಸ್ಕೇಲ್ ಇಟ್ಟು ಗೆರೆ ಎಳೆದು ಬರೆದಿದ್ದರು. ಪ್ರತಿ ಕಂಬದ ತಲೆಯಲ್ಲಿ ಒಂದು ಸೊನ್ನೆ. ದೀಪ ಉರಿಯುತ್ತಿದ್ದರೆ ಸೊನ್ನೆ ಖಾಲಿ, ಕೆಟ್ಟಿದ್ದರೆ ಕೆಂಪು ಇಂಕು. ಕೆಳಗೆ ಮೂರು ತಾರೀಕು: ಕೆಟ್ಟ ದಿನ, ದೂರು ಕೊಟ್ಟ ದಿನ, ಮತ್ತೆ ಉರಿದ ದಿನ. ಮೂರನೆಯ ಜಾಗ ಬಹಳ ಕಡೆ ಖಾಲಿ ಇತ್ತು.

2005ರ ಕಾಯಿದೆ ಪ್ರಕಾರ ಅರ್ಜಿಗೆ 30 ದಿನದಲ್ಲಿ ಉತ್ತರ ಕೊಡಬೇಕು. ನಮ್ಮ ರಾಜ್ಯದ ನಿಯಮದಲ್ಲಿ ಇನ್ನೊಂದು ಮಾತಿದೆ. ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದ ಮೀರುವಂತಿಲ್ಲ. ಇದರ ಬಗ್ಗೆ ಅವರಿಗೆ ಸಿಟ್ಟಿರಬಹುದು ಅಂದುಕೊಂಡಿದ್ದೆ. ಅವರು ನಕ್ಕರು.

'ಕನ್ನಡದವರಿಗೆ ಇದು ಲಾಭ ಮೇಡಂ. ಇಂಗ್ಲಿಷಲ್ಲಿ ನಾಲ್ಕು ಪದ ಬೇಕಾಗೋ ಕಡೆ ನಮಗೆ ಒಂದು ಸಾಕು. "ಕೊಡಲಾಗಿದೆಯೇ." ನೋಡಿ, ಒಂದೇ ಪದ! "ಸರಿಪಡಿಸಲಾಗುವುದೇ." ಇದೂ ಒಂದೇ. ನೂರೈವತ್ತರಲ್ಲಿ ನಾನು ಅವರ ಜನ್ಮ ಜಾಲಾಡಬಲ್ಲೆ.'

ಕನ್ನಡದ ಬಗ್ಗೆ ಇಂಥ ಹೊಗಳಿಕೆಯನ್ನು ನಾನು ಯಾವ ರಾಜ್ಯೋತ್ಸವದಲ್ಲೂ ಕೇಳಿಲ್ಲ. ನಿಮಗೆ ಬೇಕಾದ ಎರಡು ಸಾಲು ಇಂಥ ಕಡೆ ಸಿಗುತ್ತದೆ. ಎದುರಿಗಿರುವವರ ಬ್ಯಾಗು, ಮೇಜು, ಚಪ್ಪಲಿ ಏನಾದರೂ ಸರಿ. ಕೇಳಿ.

ಪ್ರಶ್ನೆ: 'ಬಣ್ಣ ಬಣ್ಣದ ವ್ಯಕ್ತಿಗಳು' ಅಂತ ಬರೆಯುತ್ತೀರಲ್ಲ, ನಮ್ಮ ಕಡೆ ಎಲ್ಲರಿಗಿಂತ ಬಣ್ಣದವರು ಯಾರು?
(ಮದ್ದೂರಿನ ಶಾಲಾ ಶಿಕ್ಷಕರು)

ಉತ್ತರ: ಕಣ್ಣಿಗೆ ಕಾಣುವ ಬಣ್ಣದ ಮಾತಾದರೆ ಮೈಸೂರಿನಲ್ಲಿ ಪೈಪೋಟಿಯೇ ಇಲ್ಲ, ಸ್ನೇಕ್ ಶ್ಯಾಮ್. ಕೊರಳ ತುಂಬ ಮಣಿಸರ, ಬೆರಳ ತುಂಬ ಉಂಗುರ, ತಲೆ ಮೇಲೆ ಹ್ಯಾಟು. ಶಾಲೆ ಮಕ್ಕಳ ವ್ಯಾನ್ ಓಡಿಸಿಕೊಂಡೇ ಹಾವು ಹಿಡಿದವರು, ನಗರಪಾಲಿಕೆ ಸದಸ್ಯರೂ ಆದವರು. ಜನ ನೋಡುವುದು ಮಣಿಸರ. ನನಗೆ ಆಸಕ್ತಿ ಅವರು ಇಟ್ಟ ಲೆಕ್ಕದಲ್ಲಿ. ಹಿಡಿದ ಹಾವಿಗೆಲ್ಲ ನಂಬರ್ ಹಾಕಿ ಬರೆದಿಟ್ಟುಕೊಂಡು ಬಂದವರು ಅವರು. ಮತ್ತೆ ನೋಟ್ ಬುಕ್ಕಿಗೇ ಬಂದೆ ನೋಡಿ. ನನಗೆ ಇದೊಂದು ಚಾಳಿ.

ರಸ್ತೆಯನ್ನೇ ರಂಗಮಂಟಪ ಮಾಡಿಕೊಂಡವರು ಅಂದರೆ ವಾಟಾಳ್ ನಾಗರಾಜ್. ಕಪ್ಪು ಕನ್ನಡಕ, ಟೋಪಿ, ಒಂದು ದಿನ ಕತ್ತೆ, ಇನ್ನೊಂದು ದಿನ ಎಮ್ಮೆ. ಅವರ ಬೇಡಿಕೆ ಏನು ಅಂತ ಮರುದಿನ ಮರೆತವರಿಗೂ ಕತ್ತೆ ನೆನಪಿರುತ್ತದೆ. ಫೋಟೋಗ್ರಾಫರುಗಳ ಕಷ್ಟ ಅಷ್ಟು ಚೆನ್ನಾಗಿ ತಿಳಿದ ಹೋರಾಟಗಾರ ಇನ್ನೊಬ್ಬರಿಲ್ಲ.

ಆದರೆ ನಿಮ್ಮದೇ ಜಿಲ್ಲೆಯಲ್ಲಿ ಬಣ್ಣವೇ ಇಲ್ಲದ ಒಬ್ಬರಿದ್ದರು. ಮಳವಳ್ಳಿ ತಾಲ್ಲೂಕು ದಾಸನದೊಡ್ಡಿಯ ಕಾಮೇಗೌಡರು. ಕುರಿ ಮೇಯಿಸಲು ಬೆಟ್ಟಕ್ಕೆ ಹೋಗುತ್ತಿದ್ದವರು. ಹಕ್ಕಿ, ಪ್ರಾಣಿಗಳಿಗೆ ಅಲ್ಲಿ ಕುಡಿಯಲು ನೀರಿಲ್ಲ ಅಂತ ಕಂಡಿತು. ಕಟ್ಟೆ ತೋಡಲು ಶುರು ಮಾಡಿದರು. ಒಂದಲ್ಲ ಎರಡಲ್ಲ, ಹನ್ನೆರಡಕ್ಕಿಂತ ಜಾಸ್ತಿ. 2020ರ ಜೂನ್‌ನಲ್ಲಿ ಪ್ರಧಾನಿಯವರು ರೇಡಿಯೋದಲ್ಲಿ ಅವರ ಹೆಸರು ಹೇಳಿದ ಮೇಲೆ ಕ್ಯಾಮೆರಾಗಳೆಲ್ಲ ಬೆಟ್ಟ ಹತ್ತಿದವು. ನಾನು 'ಜನ ಕಡಿಮೆಯಾಗಲಿ, ಆಮೇಲೆ ಹೋಗೋಣ' ಅಂದುಕೊಂಡೆ. 2022ರ ಅಕ್ಟೋಬರ್‌ನಲ್ಲಿ ಅವರು ತೀರಿಕೊಂಡರು. ಕಾಯುವುದು ನನ್ನ ಕಸುಬು ಅಂತ ಮೇಲೆ ಜಂಬ ಕೊಚ್ಚಿಕೊಂಡೆನಲ್ಲ, ಅದು ಎಲ್ಲ ಕಡೆ ನಡೆಯುವುದಿಲ್ಲ.

ಪ್ರಶ್ನೆ: ಸಂದರ್ಶನಕ್ಕೆ ಹೋದಾಗ ಕವರ್ ಕೊಟ್ಟವರು ಇದ್ದಾರಾ?
(ಹೆಬ್ಬಾಳದ ಓದುಗರು, ಮೈಸೂರು)

ಉತ್ತರ: ಒಬ್ಬರು ಕೊಟ್ಟರು. ಗಾಬರಿಯಾಗಿ ಅಲ್ಲೇ ಬಿಚ್ಚಿ ನೋಡಿದೆ. ಅವರದೇ ಹನ್ನೆರಡು ಫೋಟೋ ಇದ್ದವು, ಹನ್ನೆರಡರಲ್ಲೂ ಕೈ ಮೇಲೆ.

ಪ್ರಶ್ನೆ: ನಾವು ಮಾತಾಡೋದು ಒಂದು, ಪೇಪರಲ್ಲಿ ಬರೋದು ಇನ್ನೊಂದು. 'ನೀರ್ ಬುಡಾಕಿಲ್ಲ' ಅಂತ ಕೂಗಿದರೆ 'ನೀರು ಬಿಡಲು ಸಾಧ್ಯವೇ ಇಲ್ಲ ಎಂದು ಎಚ್ಚರಿಸಿದರು' ಅಂತ ಬರೀತೀರಿ. ನಮ್ಮ ಮಾತು ಅಂದ್ರೆ ನಿಮಗೆ ನಾಚಿಕೆಯಾ?
(ಪಾಂಡವಪುರ ತಾಲ್ಲೂಕಿನ ರೈತರು)

ಉತ್ತರ: ಈ ಪತ್ರ ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ನಾನೂ ಮಂಡ್ಯದ ಕಡೆಯವಳೇ. ನಮ್ಮವ್ವ ಸಾಯುವವರೆಗೂ 'ಬುಡು' ಅಂದಳೇ ಹೊರತು 'ಬಿಡು' ಅನ್ನಲಿಲ್ಲ. ಮೈಸೂರಿಗೆ ಓದಲು ಬಂದ ಮೇಲೆ ತರಗತಿಯಲ್ಲಿ ಎಲ್ಲರೂ ನಕ್ಕರು. ಅವತ್ತಿನಿಂದ ನನ್ನ ನಾಲಿಗೆಗೆ ಇಸ್ತ್ರಿ ಹಾಕಿಕೊಂಡೆ. ಆಮೇಲೆ ಪತ್ರಿಕೆಗೆ ಸೇರಿ ಬೇರೆಯವರ ನಾಲಿಗೆಗೂ ಹಾಕಲು ಶುರು ಮಾಡಿದೆ.

2023ರ ಸೆಪ್ಟೆಂಬರ್ ನಿಮಗೆ ನೆನಪಿರುತ್ತದೆ. ಮಳೆ ಕೈಕೊಟ್ಟಿತ್ತು. 124.80 ಅಡಿಯ ಕನ್ನಂಬಾಡಿ (ಕೆ.ಆರ್.ಎಸ್.) ಅಣೆಕಟ್ಟೆಯ ನೀರು ನೂರರ ಕೆಳಗೆ ಇಳಿದಿತ್ತು. ತಮಿಳುನಾಡಿಗೆ 5,000 ಕ್ಯೂಸೆಕ್‌ನಂತೆ ನೀರು ಬಿಡಿ ಅಂತ ಆದೇಶ ಬಂತು. 23ಕ್ಕೆ ಮಂಡ್ಯ ಬಂದ್. ಸರ್ ಎಂ.ವಿ. ಪ್ರತಿಮೆ ಎದುರು ಧರಣಿ. ಅಲ್ಲಿ ಒಬ್ಬ ಅಜ್ಜಿ ಹಸಿರು ಟವೆಲ್ ಹೊದ್ದು, ಚಪ್ಪಲಿ ತೆಗೆದು ಪಕ್ಕಕ್ಕಿಟ್ಟು ಕೂತಿದ್ದರು. ನಾನು ಪುಸ್ತಕ ತೆಗೆದೆ.

'ಏನವ್ವಾ ಬರ್ಕತೀಯ? ಬರ್ಕೊ. ನನ್ ಗದ್ದೇಲಿ ಬಿರುಕ್ ಬುಟ್ಟದೆ. ನನ್ ಹಿಮ್ಮಡೀಲೂ ಬುಟ್ಟದೆ. ಯಾವುದ್ ಗದ್ದೆ ಯಾವುದ್ ಕಾಲು ಅಂತ ಗೊತ್ತಾಗಕಿಲ್ಲ. ನೋಡು, ನೋಡ್ಕೊ' ಅಂತ ಕಾಲು ಎತ್ತಿ ತೋರಿಸಿದರು. ಹಿಮ್ಮಡಿಯ ಬಿರುಕಿನೊಳಗೆ ಕೆಸರು ಒಣಗಿ ಕೂತಿತ್ತು. ನಾಟಿ ಮಾಡಿದ ದಿನದ ಕೆಸರು.

ಮರುದಿನ ಅಚ್ಚಾಗಿದ್ದು ಏನು ಗೊತ್ತೇ? 'ಬೆಳೆ ಒಣಗುತ್ತಿದೆ ಎಂದು ರೈತ ಮಹಿಳೆಯೊಬ್ಬರು ಅಳಲು ತೋಡಿಕೊಂಡರು.' ಬರೆದವಳು ನಾನೇ. ಮಂಡ್ಯ ಜಿಲ್ಲೆ ಹುಟ್ಟಿದಾಗಿನಿಂದ ಇಲ್ಲಿ ಯಾರಾದರೂ ಅಳಲು ತೋಡಿಕೊಂಡಿದ್ದಾರಾ? ಬಾವಿ ತೋಡಿದ್ದಾರೆ, ಅಷ್ಟೇ. ಎರಡು ದಿನ ಬಿಟ್ಟು ಅಲ್ಲಿಗೆ ಹೋದರೆ ಅಜ್ಜಿ ಇನ್ನೂ ಅಲ್ಲೇ ಇದ್ದರು. ಮೊಮ್ಮಗ ಪೇಪರ್ ಓದಿ ಹೇಳಿದ್ದನಂತೆ. ಬೈಯಲಿಲ್ಲ. 'ಅದು ನಾನಲ್ಲ ಕಣವ್ವ, ಯಾರೋ ಟೀಚರಮ್ಮ ಇರ್ಬೇಕು' ಅಂದರು.

ನಿಮ್ಮ ತಾಲ್ಲೂಕಿನವರೇ ಆದ ಕ್ಯಾತನಹಳ್ಳಿಯ ಕೆ.ಎಸ್. ಪುಟ್ಟಣ್ಣಯ್ಯ ಶಾಸಕರಾದ ಮೇಲೂ ತಮ್ಮ ಮಾತಿನ ಧಾಟಿ ಬಿಟ್ಟವರಲ್ಲ. ಭಾಷಣದ ಮಧ್ಯೆ ಜನ ಬಿದ್ದು ಬಿದ್ದು ನಗುತ್ತಿದ್ದರು. 2018ರ ಫೆಬ್ರುವರಿಯಲ್ಲಿ ಮಂಡ್ಯದಲ್ಲಿ ಕಬಡ್ಡಿ ನೋಡುತ್ತಾ ಇದ್ದಾಗಲೇ ಹೃದಯಾಘಾತವಾಗಿ ಹೋದರು. 1980ರಲ್ಲಿ ರೈತಸಂಘ ಕಟ್ಟಿದವರಲ್ಲಿ ಮುಖ್ಯರಾದ ಎಂ.ಡಿ. ನಂಜುಂಡಸ್ವಾಮಿ ಕಾನೂನು ಪ್ರೊಫೆಸರ್. ಇವರ ಶೈಲಿಯೇ ಬೇರೆ, ಅವರ ಶೈಲಿಯೇ ಬೇರೆ. ಹೆಗಲ ಮೇಲಿನ ಹಸಿರು ಮಾತ್ರ ಒಂದೇ. ಪತ್ರಿಕೆಯಲ್ಲಿ ನಾವು ಇಬ್ಬರಿಗೂ ಒಂದೇ ಕನ್ನಡ ಕೊಟ್ಟು ಕೂರಿಸಿದೆವು. ಅದು ತಪ್ಪೇ. ಈಗ ನಾನು ಬರೆಯುವಾಗ 'ಬುಡು' ಅಂದರೆ 'ಬುಡು' ಅಂತಲೇ ಬರೆಯುತ್ತೇನೆ. ಪ್ರೂಫ್ ನೋಡುವವರು ತಿದ್ದಿದರೆ ಫೋನ್ ಮಾಡಿ ಜಗಳ ಆಡುತ್ತೇನೆ. ಈ ಪುಟದಲ್ಲಿ 'ಬುಟ್ಟದೆ' ಉಳಿದಿದೆಯಾ ನೋಡಿ ಹೇಳಿ.

ಪ್ರಶ್ನೆ: ಪತ್ರಿಕೋದ್ಯಮ ವಿದ್ಯಾರ್ಥಿನಿ ನಾನು. ಸಂದರ್ಶನಕ್ಕೆ ಫೋನ್ ರೆಕಾರ್ಡಿಂಗ್ ಸಾಕಾ, ಪುಸ್ತಕವೂ ಬೇಕಾ?
(ಮಾನಸಗಂಗೋತ್ರಿ)

ಉತ್ತರ: ಎರಡೂ ಬೇಕಮ್ಮ. 2003ರಲ್ಲಿ ನನ್ನ ಹತ್ತಿರ ಒಂದು ಕ್ಯಾಸೆಟ್ ರೆಕಾರ್ಡರ್ ಇತ್ತು. ಒಬ್ಬ ಹಿರಿಯ ಪತ್ರಕರ್ತರ ಮನೆಯಲ್ಲಿ ಎರಡು ಗಂಟೆ ಮಾತು. ಕೆಂಪು ದೀಪ ಉರಿಯುತ್ತಿದೆ, ಕ್ಯಾಸೆಟ್ ತಿರುಗುತ್ತಿದೆ, ನಾನು ಪುಸ್ತಕ ತೆರೆಯಲೇ ಇಲ್ಲ. ಮನೆಗೆ ಬಂದು ಹಾಕಿದರೆ ಮೊದಲ ಅರ್ಧ ಗಂಟೆ ಸರಿ. ಆಮೇಲೆ ಬರೀ ಗುರ್ ಅನ್ನುವ ಸದ್ದು. ಬ್ಯಾಟರಿ ಸಾಯುತ್ತಾ ಬಂದಿತ್ತು. ಮತ್ತೆ ಹೋಗಿ ಕೇಳಲು ಮುಜುಗರ. ನೆನಪಿನಿಂದ ಬರೆದೆ. ನೆನಪು ಖಾಲಿಯಾದ ಕಡೆ ಅವರು ಹೀಗೆ ಹೇಳಿರಬಹುದು ಅಂತ ಒಂದು ಒಳ್ಳೆಯ ಮಾತನ್ನು ನಾನೇ ಸೇರಿಸಿದೆ. ಸಂಪಾದಕರು ಅದನ್ನೇ ತಲೆಬರಹ ಮಾಡಿದರು.

ಬೆಳಗ್ಗೆ ಏಳಕ್ಕೆ ಫೋನ್ ಬಂತು. 'ಅಮ್ಮ, ತಲೆಬರಹ ತುಂಬ ಚೆನ್ನಾಗಿದೆ. ನಾನು ಹೇಳಿದ್ದಿದ್ದರೆ ಇನ್ನೂ ಚೆನ್ನಾಗಿರುತ್ತಿತ್ತು.' ಅಷ್ಟೇ ಹೇಳಿ ಇಟ್ಟರು. ಮುಂದಿನ ವಾರ ತಿದ್ದುಪಡಿ ಹಾಕಿದೆವು, ಒಳಪುಟದ ಮೂಲೆಯಲ್ಲಿ, ಎರಡು ಸಾಲು. ಅದೂ ಅವರಿಗೆ ಕಂಡಿತು, ಮತ್ತೆ ಫೋನ್ ಬಂತು. ಆ ಸಂಭಾಷಣೆ ಇಲ್ಲಿ ಬೇಡ.

ಫೋನಿಗೆ ಮಾತು ಕೇಳಿಸುತ್ತದೆ. ಮಾತಾಡುವಾಗ ಅವರು ಬೆರಳಲ್ಲಿ ಮೇಜಿನ ಮೇಲೆ ಏನು ಬರೆಯುತ್ತಿದ್ದರು, ಯಾರ ಹೆಸರು ಬಂದಾಗ ಬಾಗಿಲ ಕಡೆ ನೋಡಿದರು, ಇದು ಅದಕ್ಕೆ ಕಾಣುವುದಿಲ್ಲ. ಪುಸ್ತಕ ಇರುವುದು ಅದಕ್ಕೆ.

ಪ್ರಶ್ನೆ: ನನಗೆ ಎಪ್ಪತ್ತೆಂಟು ವರ್ಷ. ಈಗಿನ ಮೀಡಿಯಾದವರದ್ದು ಸುಮ್ನೆ ಗಲಾಟೆ. ನಮ್ಮ ಮೈಸೂರಿನ ಹಳೆಯ ಪತ್ರಕರ್ತರು ಎಷ್ಟು ಗಂಭೀರವಾಗಿದ್ದರು, ಅಲ್ವಾ?
(ವಿ.ವಿ. ಮೊಹಲ್ಲಾದ ಹಿರಿಯ ಓದುಗರು)

ಉತ್ತರ: ಕ್ಷಮಿಸಿ ಸಾರ್, ನನಗೆ ಹಾಗೆ ಅನ್ನಿಸುವುದಿಲ್ಲ. ಅವರು ಗಂಭೀರವಾಗಿ ಕಾಣುವುದು ಕಪ್ಪು ಬಿಳುಪು ಫೋಟೋದಲ್ಲಿ ಮಾತ್ರ.

ತಾತಯ್ಯ ಅಂತ ಊರೆಲ್ಲ ಕರೆದ ಎಂ. ವೆಂಕಟಕೃಷ್ಣಯ್ಯನವರನ್ನೇ ತೆಗೆದುಕೊಳ್ಳಿ. ಮರಿಮಲ್ಲಪ್ಪ ಶಾಲೆಯ ಮೇಷ್ಟ್ರು. ಒಂದು ಪತ್ರಿಕೆ ಸಾಲದು ಅಂತ ವೃತ್ತಾಂತ ಚಿಂತಾಮಣಿ, ಸಾಧ್ವಿ, ಇಂಗ್ಲಿಷಿನಲ್ಲಿ ಮೈಸೂರು ಹೆರಾಲ್ಡ್, ಮೈಸೂರು ಪೇಟ್ರಿಯಟ್. ಅನಾಥಾಲಯ ಬೇರೆ ಕಟ್ಟಿದರು. ಇಂದಿನ ಭಾಷೆಯಲ್ಲಿ ಪತ್ರಕರ್ತ ಕಂ ಹೋರಾಟಗಾರ. 1908ರಲ್ಲಿ ಮೈಸೂರು ಸರ್ಕಾರ ಪತ್ರಿಕೆಗಳ ಬಾಯಿ ಮುಚ್ಚಿಸುವ ಕಾಯಿದೆ ತಂದಾಗ, ಇಂಥ ಕಾಯಿದೆ ಕೆಳಗೆ ಪತ್ರಿಕೆ ನಡೆಸುವುದಿಲ್ಲ ಅಂತ ನಿಲ್ಲಿಸಿಬಿಟ್ಟರು. ಪತ್ರಿಕೆಯವರು ಪ್ರತಿಭಟಿಸಲು ಪತ್ರಿಕೆಯನ್ನೇ ಮುಚ್ಚುವುದು! ಆ ಕಾಲದ ದಿವಾನರ ಕಚೇರಿಯಲ್ಲಿ ಇದನ್ನು ಖಂಡಿತ ಗಲಾಟೆ ಅಂದಿರುತ್ತಾರೆ.

ನಿಮ್ಮ ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲೇ ಇನ್ನೊಬ್ಬರಿದ್ದರು. ಎಂ.ವಿ. ಗೋಪಾಲಸ್ವಾಮಿ, ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರೊಫೆಸರ್. 1935ರಲ್ಲಿ ತಮ್ಮ ಮನೆ ವಿಠಲ ವಿಹಾರದಲ್ಲೇ 30 ವಾಟ್‌ನ ಟ್ರಾನ್ಸ್‌ಮಿಟರ್ ಇಟ್ಟು ರೇಡಿಯೋ ಶುರು ಮಾಡಿದರು. 30 ವಾಟ್ ಅಂದರೆ ಹಳೆ ಕಾಲದ ಒಂದು ಸಣ್ಣ ಬಲ್ಬಿನಷ್ಟು. ಮನೆಯಲ್ಲಿ ಬಾನುಲಿ ಇಟ್ಟುಕೊಂಡ ಪ್ರೊಫೆಸರನ್ನು ಅಕ್ಕಪಕ್ಕದವರು ಗಂಭೀರ ಮನುಷ್ಯ ಅಂದುಕೊಂಡಿರುತ್ತಾರೆ ಅಂತೀರಾ? 'ಆಕಾಶವಾಣಿ' ಅನ್ನುವ ಹೆಸರು ಆ ಮನೆಯಿಂದಲೇ ಹೊರಟು ಆಮೇಲೆ ದೇಶದ ರೇಡಿಯೋಗೆಲ್ಲ ಬಂತು. ಸರಗೂರಿನ ಜನಧ್ವನಿ ಸಮುದಾಯ ಬಾನುಲಿಯ ಬಗ್ಗೆ ಮಾತಾಡುವಾಗಲೆಲ್ಲ ನನಗೆ ಗೋಪಾಲಸ್ವಾಮಿಯವರ ನೆನಪು. ಸಮುದಾಯ ಬಾನುಲಿಗೆ ಕೊಡುವುದು 100 ವಾಟ್. ಅಷ್ಟರಲ್ಲಿ ಸುತ್ತಲ ಹಳ್ಳಿಗಳಿಗೆ ಕೇಳಿದರೆ ಆಯಿತು, ದಿಲ್ಲಿಗೆ ಕೇಳಬೇಕಿಲ್ಲ.

1970ರಲ್ಲಿ ವರದರಾಜ ಅಯ್ಯಂಗಾರ್ಯರು ಮೈಸೂರಿನಿಂದ 'ಸುಧರ್ಮಾ' ಅಂತ ಸಂಸ್ಕೃತ ದಿನಪತ್ರಿಕೆ ತೆಗೆದರು. ವಾರಪತ್ರಿಕೆಯಲ್ಲ, ದಿನಪತ್ರಿಕೆ! ಅಂಗಡಿಗಳಲ್ಲಿ ಮಾರುವುದಕ್ಕಿಂತ ಅಂಚೆಯಲ್ಲಿ ಹೋಗಿದ್ದೇ ಜಾಸ್ತಿ. ಮಗ ಸಂಪತ್ ಕುಮಾರ್, ಸೊಸೆ ಜಯಲಕ್ಷ್ಮಿ ಅದನ್ನು ಉಳಿಸಿಕೊಂಡು ಬಂದರು. 2020ರಲ್ಲಿ ಇಬ್ಬರಿಗೂ ಪದ್ಮಶ್ರೀ. ಮರುವರ್ಷ ಸಂಪತ್ ಕುಮಾರ್ ತೀರಿಕೊಂಡರು. ರಾಜಶೇಖರ ಕೋಟಿ ಧಾರವಾಡದಲ್ಲಿ 1972ರಲ್ಲಿ 'ಆಂದೋಲನ' ಶುರು ಮಾಡಿ, ಅದನ್ನು ಹೊತ್ತುಕೊಂಡು ಮೈಸೂರಿಗೆ ಬಂದರು, ಇಲ್ಲೇ ಬೇರು ಬಿಟ್ಟರು. ಪತ್ರಿಕೆಯ ಹೆಸರೇ ಹಾಗಿದ್ದ ಮೇಲೆ ಗಲಾಟೆ ಬೇಡ ಅಂದರೆ ಹೇಗೆ ಸಾರ್?

ಪ್ರಶ್ನೆ: ಕನ್ನಡ ಕನ್ನಡ ಅಂತ ಮೈಕಿನಲ್ಲಿ ಕೂಗುವವರ ಮಕ್ಕಳು ಯಾವ ಶಾಲೆಯಲ್ಲಿ ಓದುತ್ತಾರೆ? ಯಾವತ್ತಾದರೂ ಕೇಳಿದ್ದೀರಾ?
(ಶ್ರೀರಂಗಪಟ್ಟಣ)

ಉತ್ತರ: ಕೇಳಿದ್ದೇನೆ. 'ಅದು ಮನೆಯವರ ಡಿಪಾರ್ಟ್‌ಮೆಂಟು ಮೇಡಂ' ಅನ್ನುವುದು ಸಾಮಾನ್ಯ ಉತ್ತರ. ಊರಿನ ಬೋರ್ಡುಗಳೆಲ್ಲ ಕನ್ನಡದಲ್ಲಿ ಇರಬೇಕು, ಮಗುವಿನ ಡೈರಿ ಮಾತ್ರ ಇಂಗ್ಲಿಷಿನಲ್ಲಿ.

ಹಾಗಂತ ಎಲ್ಲರನ್ನೂ ಒಂದೇ ತಕ್ಕಡಿಗೆ ಹಾಕಬೇಡಿ. 2023ರ ಜನವರಿಯಲ್ಲಿ ತೀರಿಕೊಂಡ ಪ. ಮಲ್ಲೇಶ್ ಅವರು ಕನ್ನಡ ಮಾಧ್ಯಮ ಬೇಕು ಅಂತ ಬರೀ ಘೋಷಣೆ ಕೂಗಲಿಲ್ಲ, ಮೈಸೂರಿನಲ್ಲಿ ನೃಪತುಂಗ ಕನ್ನಡ ಶಾಲೆ ಕಟ್ಟಲು ನಿಂತರು. ಮೈಸೂರಿನ ಯಾವ ಹೋರಾಟಕ್ಕೆ ಹೋದರೂ ಅವರ ದನಿ ಅಲ್ಲಿ ಇರುತ್ತಿತ್ತು. ಸಿಟ್ಟಿನ ಮನುಷ್ಯ. ಸಿಟ್ಟು ಇದ್ದದ್ದಕ್ಕೇ ಶಾಲೆ ಎದ್ದಿತು ಅಂತ ನನ್ನ ಲೆಕ್ಕ.

ಇನ್ನೊಬ್ಬರು ರಾಜೀವನಗರದ ಸೈಯದ್ ಇಸಾಕ್. ಕೂಲಿ ಕೆಲಸ ಮಾಡಿಕೊಂಡು, ತಾವು ಓದಲಾಗದ್ದು ಬೇರೆಯವರು ಓದಲಿ ಅಂತ ಕನ್ನಡ ಪುಸ್ತಕಗಳ ವಾಚನಾಲಯ ಇಟ್ಟವರು. 2021ರ ಏಪ್ರಿಲ್‌ನಲ್ಲಿ ಅದಕ್ಕೆ ಬೆಂಕಿ ಬಿದ್ದು ಹತ್ತಿರ ಹತ್ತಿರ 11,000 ಪುಸ್ತಕ ಸುಟ್ಟುಹೋಯಿತು. ಮತ್ತೆ ಮಾಡುತ್ತೇನೆ ಅಂದರು. ಕನ್ನಡದ ಬಗ್ಗೆ ಮೈಕ್ ಹಿಡಿದವರನ್ನು ಕಂಡಾಗ ನಾನು ಇವರಿಬ್ಬರನ್ನು ಪಕ್ಕದಲ್ಲಿಟ್ಟು ನೋಡುತ್ತೇನೆ. ಬಹಳ ಮೈಕುಗಳು ಸಣ್ಣಗಾಗಿಬಿಡುತ್ತವೆ.

ಪ್ರಶ್ನೆ: ನಮ್ಮೂರಲ್ಲಿ ಮೊನ್ನೆ ಪ್ರತಿಭಟನೆ ಮಾಡಿದವರು ಎಂಟು ಜನ, ಯೂಟ್ಯೂಬ್ ಚಾನೆಲ್ ಮೈಕು ಹದಿನೈದು. ಇದಕ್ಕೆ ಏನಂತೀರಿ?
(ನಂಜನಗೂಡು)

ಉತ್ತರ: ಪೊಲೀಸರಿಗೆ ಕೆಲಸ ಕಡಿಮೆ. ಮೈಕಿನವರೇ ಸುತ್ತುವರಿದಿರುತ್ತಾರೆ.

ನಗುವುದು ಸುಲಭ. ಆದರೆ ಒಂದು ಸಲ ಎಲ್ಲ ಕ್ಯಾಮೆರಾಗಳೂ ಮುಖಂಡರ ಬೈಟ್ ತೆಗೆದುಕೊಂಡು ಹೊರಟ ಮೇಲೆ, ಫೋನಿಗೆ ಕೋಲು ಸಿಕ್ಕಿಸಿಕೊಂಡ ಒಬ್ಬ ಹುಡುಗ ಮಾತ್ರ ಉಳಿದ. ಹಿಂದಿನ ಸಾಲಿನಲ್ಲಿ ಕೂತಿದ್ದ ಪೌರಕಾರ್ಮಿಕ ಹೆಂಗಸರ ಹತ್ತಿರ ಹೋಗಿ 'ಅಕ್ಕ, ನಿಮಗೆ ಗ್ಲೌಸ್ ಕೊಟ್ಟವ್ರಾ?' ಅಂತ ಕೇಳಿದ. ಅಷ್ಟು ಹೊತ್ತಿನಲ್ಲಿ ಯಾರೂ ಕೇಳದ ಪ್ರಶ್ನೆ ಅದು. ನಾನೂ ಕೇಳಿರಲಿಲ್ಲ.

ಪ್ರಶ್ನೆ: ಪತ್ರಕರ್ತರು ತಾವೇ ಹೋರಾಟಕ್ಕೆ ಇಳಿಯುವುದು ಸರಿಯೇ?
(ಮಂಡ್ಯದ ಕಾಲೇಜು ಉಪನ್ಯಾಸಕರು)

ಉತ್ತರ: ಇಳಿಯಬಹುದು. ಇಳಿದ ಮೇಲೆ, ದಡದಲ್ಲಿ ನಿಂತವರ ಹಾಗೆ ಬರೆಯಬಾರದು. ಮೈಸೂರಿನ ಒಡನಾಡಿ ಸಂಸ್ಥೆಯ ಸ್ಟ್ಯಾನ್ಲಿ ಮತ್ತು ಪರಶುರಾಮ್ ಇಬ್ಬರೂ ಪತ್ರಕರ್ತರಾಗಿದ್ದವರು. ಮಾರಾಟದ ಜಾಲಕ್ಕೆ ಸಿಕ್ಕಿದ ಹೆಣ್ಣುಮಕ್ಕಳ ಬಗ್ಗೆ ವರದಿ ಬರೆದು ಸುಮ್ಮನಾಗಲು ಅವರಿಂದ ಆಗಲಿಲ್ಲ. 1993ರಲ್ಲಿ ಸಂಸ್ಥೆ ಕಟ್ಟಿ ಅದಕ್ಕೇ ಬದುಕು ಕೊಟ್ಟರು. ಅದು ಒಂದು ದಾರಿ, ಪೂರ್ತಿ ಆ ಕಡೆ ಹೋಗಿಬಿಡುವುದು.

ನಾನು ಅಷ್ಟು ಧೈರ್ಯದವಳಲ್ಲ. 2025ರ ಏಪ್ರಿಲ್‌ನಲ್ಲಿ ಹೈದರಾಲಿ ರಸ್ತೆಯ 40 ಮರ ಕಡಿದಾಗ, ಬೆಳಗ್ಗೆ ಹೋಗಿ ನೋಡಿದೆ. ನಾನು ಕಾಲೇಜಿಗೆ ಹೋಗುವಾಗ ನೆರಳು ಕೊಟ್ಟ ಮರಗಳು. ಬುಡಗಳು ಇನ್ನೂ ಹಸಿಯಾಗಿದ್ದವು. ಜನ ಸೇರಿ ಕಡಿದ ಮರಗಳಿಗೆ ಶ್ರದ್ಧಾಂಜಲಿ ಅಂತ ಮೇಣದಬತ್ತಿ ಹಚ್ಚಿದಾಗ ನಾನೂ ಹಚ್ಚಿದೆ. ಆ ರಾತ್ರಿ ಸಂಪಾದಕರಿಗೆ ಫೋನ್ ಮಾಡಿ, ಈ ವಿಷಯಕ್ಕೆ ಬೇರೆಯವರನ್ನು ಕಳಿಸಿ ಅಂದೆ. ಕಳಿಸಿದರು. ಆ ಹುಡುಗಿ ನನಗಿಂತ ಚೆನ್ನಾಗಿ ಬರೆದಳು. ಸ್ವಲ್ಪ ಹೊಟ್ಟೆಕಿಚ್ಚಾಯಿತು.

ಪ್ರಶ್ನೆ: ನಮ್ಮ ಯಜಮಾನರು ಮೂವತ್ತು ವರ್ಷದಿಂದ ಹೋರಾಟದಲ್ಲಿದ್ದಾರೆ. ಅವರ ಸಂದರ್ಶನ ನಾಲ್ಕು ಪತ್ರಿಕೆಯಲ್ಲಿ ಬಂದಿದೆ. ನಾಲ್ಕರಲ್ಲೂ 'ಪತ್ನಿಯ ಸಹಕಾರ ಮರೆಯಲಾಗದು' ಅಂತ ಒಂದು ಸಾಲು. ಏನು ಸಹಕಾರ ಅಂತ ಒಬ್ಬರೂ ಕೇಳಲಿಲ್ಲ. ನೀವೂ ನಮ್ಮ ಮನೆಗೆ ಬಂದಿದ್ದಿರಿ, ಕಾಫಿ ಕುಡಿದು ಹೋದಿರಿ. ನನ್ನ ಸಂದರ್ಶನ ಮಾಡ್ತೀರಾ?
(ಹೆಸರು ಬೇಡ, ಸರಸ್ವತಿಪುರಂ)

ಉತ್ತರ: ಮಾಡ್ತೀನಮ್ಮ. ನಿಮ್ಮ ಪತ್ರ ಓದಿ ಹಳೆಯ ಕಟಿಂಗುಗಳ ಫೈಲ್ ತೆಗೆದು ಕೂತೆ. 'ಪತ್ನಿಯ ಸಹಕಾರ' ಅಂತ ನಾನೇ ಹನ್ನೊಂದು ಸಲ ಬರೆದಿದ್ದೇನೆ. ಹನ್ನೊಂದು ಮನೆಯಲ್ಲೂ ನನಗೆ ಏನೇನೋ ಕಂಡಿತ್ತು. ಒಂದು ಮನೆಯಲ್ಲಿ ಅಡುಗೆಮನೆಯ ಗೋಡೆಗೆ ಸೀಮೆಸುಣ್ಣದಲ್ಲಿ ಅಂದಂದಿನ ಮುದ್ದೆ ಲೆಕ್ಕ ಬರೆದಿತ್ತು, ಸೋಮವಾರ 9, ಮಂಗಳವಾರ 14, ಧರಣಿ ದಿನ 30. ಇನ್ನೊಂದು ಮನೆಯಲ್ಲಿ ಬಾಗಿಲ ಹಿಂದೆ ಒಂದು ಬಟ್ಟೆಚೀಲ ಯಾವಾಗಲೂ ಸಿದ್ಧ. ಒಂದು ಲುಂಗಿ, ಟವೆಲ್, ಹಲ್ಲುಪುಡಿ, ಬಿ.ಪಿ. ಮಾತ್ರೆ. 'ಇದೇನಮ್ಮ?' ಅಂದದ್ದಕ್ಕೆ ಆಕೆ 'ಜೈಲ್ ಚೀಲ' ಅಂದು ಒಳಗೆ ಹೋದರು. ನಾನು ಹಿಂದೆ ಹೋಗಿ ಕೇಳಬೇಕಿತ್ತು. ಎದುರಿಗೆ ಯಜಮಾನರು ಭಾಷಣ ಮಾಡುತ್ತಿದ್ದರು, ಎದ್ದರೆ ಚೆನ್ನಾಗಿರಲ್ಲ ಅಂತ ಕೂತೆ.

ಮೊದಲ ಉತ್ತರದಲ್ಲಿ ಮಂಡ್ಯದ ಹಿರಿಯರ ಬ್ಯಾಗಿನ ಬಗ್ಗೆ ಅಷ್ಟುದ್ದ ಬರೆದೆನಲ್ಲ. ಕಡಲೆಬೀಜ ಹುರಿದು ಪೊಟ್ಟಣ ಕಟ್ಟಿದ್ದು ಯಾರು, ಆ ಜಿಪ್ಪಿಗೆ ದಾರ ಹಾಕಿ ಹೂವಿನ ಗಂಟು ಹಾಕಿದ್ದು ಯಾರು ಅಂತ ನಾನು ಕೇಳಲಿಲ್ಲ.

ಯಜಮಾನರು ಯಾವ ಹೊತ್ತಿನಲ್ಲಿ ಮನೆಯಲ್ಲಿ ಇರುವುದಿಲ್ಲ ಅಂತ ಒಂದು ಕಾರ್ಡ್ ಹಾಕಿ. ಬರ್ತೀನಿ. ಕಾಫಿಗೆ ಎದ್ದು ಹೋಗಬೇಡಿ, ಫ್ಲಾಸ್ಕಿನಲ್ಲಿ ನಾನೇ ತರ್ತೀನಿ.